ವಿಂಡೋಸ್‌ನಲ್ಲಿದ್ದು ಲಿನಕ್ಸ್ ಫೈಲ್, ಲಿನಕ್ಸ್‌ನಲ್ಲಿದ್ದು ವಿಂಡೋಸ್ ಪ್ರೋಗ್ರಾಂ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲ ನಿಂತಿತು. ಹಾಸನ, ಚಿಕ್ಕಮಗಳೂರು ಕಡೆ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೀಗಾಗಿ ಹಳೆ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡವರು ಜಾಸ್ತಿಯಾಗಿದ್ದಾರೆ. ಅವರಲ್ಲಿ ಡಿಟಿಪಿ ಅಂಗಡಿಯವರಿದ್ದಾರೆ, ಎಸ್ಟೇಟ್ ರೈಟರ್‌ಗಳಿದ್ದಾರೆ, ಇಂಜಿನಿಯರಿಂಗ್ ಮಕ್ಕಳಿದ್ದಾರೆ, ಮೇಷ್ಟ್ರುಗಳಿದ್ದಾರೆ. ಹಾಕಿಕೊಂಡ ಮಾರನೇ ದಿನದಿಂದಲೇ ಪ್ರಶ್ನೆ ಶುರು. ಮಾತಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಹೊಸದಾಗಿ ಶುರು ಮಾಡಿದವರಿಗೆ

ಲಿನಕ್ಸ್ ಹಾಕಿದ್ಮೇಲೆ ನನ್ನ ಡಿ ಡ್ರೈವ್ ಕಾಣ್ತಾನೇ ಇಲ್ಲ ಸಾರ್. ಎಲ್ಲ ಅಳಿಸಿ ಹೋಯ್ತಾ?

ಬಹುತೇಕ ಅಳಿಸಿ ಹೋಗಿರುವುದಿಲ್ಲ. ಲಿನಕ್ಸ್‌ನಲ್ಲಿ ಸಿ, ಡಿ, ಇ ಅನ್ನುವ ಅಕ್ಷರಗಳೇ ಇಲ್ಲ. ಫೈಲ್ ಮ್ಯಾನೇಜರ್ ತೆರೆದು ಎಡಗಡೆ ಪಟ್ಟಿಯಲ್ಲಿ 'ಡಿವೈಸಸ್' ಅಥವಾ 'ಅದರ್ ಲೊಕೇಶನ್ಸ್' ನೋಡಿ. ಅಲ್ಲಿ ನಿಮ್ಮ ಡ್ರೈವ್ ಅದರ ಹೆಸರಿನಿಂದ ಇರುತ್ತದೆ. ಹೆಸರು ಕೊಟ್ಟಿರದಿದ್ದರೆ '250 ಜಿಬಿ ವಾಲ್ಯೂಮ್' ಎಂಬಂತೆ ಅಳತೆಯಿಂದ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ. ಪಾಸ್‌ವರ್ಡ್ ಕೇಳಿದರೆ ಲಿನಕ್ಸ್‌ಗೆ ಲಾಗಿನ್ ಆಗುವ ಪಾಸ್‌ವರ್ಡನ್ನೇ ಕೊಡಿ.

ಮುಂದೆ ಗೊಂದಲ ಬೇಡ ಅಂದರೆ ವಿಂಡೋಸ್‌ಗೆ ಹೋಗಿ ಪ್ರತಿ ಡ್ರೈವ್‌ಗೂ ಒಂದು ಹೆಸರು ಇಡಿ. 'ಲೆಕ್ಕ', 'ಫೋಟೋ' ಅಂತ ಕನ್ನಡದಲ್ಲೇ ಇಡಬಹುದು, ಎರಡೂ ಕಡೆ ಸರಿಯಾಗಿ ಕಾಣುತ್ತದೆ.

ಲಿನಕ್ಸ್‌ನಲ್ಲಿ ಬಳಸ್ತಿದ್ದ ಹಾರ್ಡ್‌ಡಿಸ್ಕ್ ವಿಂಡೋಸ್‌ಗೆ ಹಾಕಿದೆ. 'ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳ್ತಿದೆ. ಮಾಡ್ಲಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಆ ಪೆಟ್ಟಿಗೆಯಲ್ಲಿ 'ಕ್ಯಾನ್ಸಲ್' ಒತ್ತಿ.

ಲಿನಕ್ಸ್ ಸಾಮಾನ್ಯವಾಗಿ ಇಎಕ್ಸ್‌ಟಿ4 ಎಂಬ ಪದ್ಧತಿಯಲ್ಲಿ ಡಿಸ್ಕ್ ಮೇಲೆ ಬರೆಯುತ್ತದೆ. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ಓದಲು ಬರದಿದ್ದಾಗ 'ಇದು ನನಗೆ ಗೊತ್ತಿಲ್ಲದ ಡಿಸ್ಕ್' ಅನ್ನುವ ಬದಲು 'ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಿ' ಅನ್ನುತ್ತದೆ. ಡಿಸ್ಕ್ ಕೆಟ್ಟಿಲ್ಲ, ಖಾಲಿಯೂ ಇಲ್ಲ. ಫಾರ್ಮ್ಯಾಟ್ ಒತ್ತಿದರೆ ಮಾತ್ರ ಒಳಗಿನ ಲೆಕ್ಕ, ಫೋಟೋ ಎಲ್ಲ ಹೋಗುತ್ತದೆ. ಮನೆಯಲ್ಲಿ ಮಕ್ಕಳು, ಅಂಗಡಿಯಲ್ಲಿ ಕೆಲಸದ ಹುಡುಗರು ಅದೇ ಕಂಪ್ಯೂಟರ್ ಬಳಸುತ್ತಿದ್ದರೆ ಅವರಿಗೂ ಇದನ್ನು ಹೇಳಿಡಿ.

ಪೆನ್‌ಡ್ರೈವ್ ಯಾವ ಫಾರ್ಮ್ಯಾಟ್‌ನಲ್ಲಿ ಇಟ್ಟರೆ ಎಲ್ಲ ಕಡೆ ಓಡುತ್ತೆ?

ಎಕ್ಸ್‌ಫ್ಯಾಟ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಓದುತ್ತವೆ, ಮೂರೂ ಬರೆಯುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಇದರ ಬೆಂಬಲ 2019ರಲ್ಲಿ, 5.4ನೇ ಆವೃತ್ತಿಯಿಂದ ಬಂತು. ಹೀಗಾಗಿ ಈಗಿನ ಯಾವುದೇ ಲಿನಕ್ಸ್‌ನಲ್ಲಿ ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ.

ಹಳೆಯ ಫ್ಯಾಟ್32 ಕೂಡ ಎಲ್ಲ ಕಡೆ ಓಡುತ್ತದೆ, ಆದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಮದುವೆ ವಿಡಿಯೋ ಕಾಪಿ ಮಾಡಲು ಹೋಗಿ, ಪೆನ್‌ಡ್ರೈವ್‌ನಲ್ಲಿ 20 ಜಿಬಿ ಜಾಗ ಖಾಲಿ ಇದ್ದರೂ 'ಫೈಲ್ ತುಂಬಾ ದೊಡ್ಡದು' ಅಂತ ಬಂದರೆ ಕಾರಣ ಇದೇ. ಪ್ರಿಂಟರ್‌ಗೆ, ಹಳೆ ಟಿವಿಗೆ, ಕಾರಿನ ಸ್ಟೀರಿಯೋಗೆ ಹಾಕುವ ಪೆನ್‌ಡ್ರೈವ್‌ಗೆ ಮಾತ್ರ ಫ್ಯಾಟ್32 ಇಟ್ಟುಕೊಳ್ಳಿ.

ಎಕ್ಸ್‌ಫ್ಯಾಟ್ ಪೆನ್‌ಡ್ರೈವನ್ನು ಸುಮ್ನೆ ಕಿತ್ತುಕೊಳ್ಳಬೇಡಿ. ಲಿನಕ್ಸ್‌ನಲ್ಲಿ ಕಾಪಿ ಮುಗಿಯಿತು ಅಂತ ತೋರಿಸಿದ ಮೇಲೂ ಒಳಗೊಳಗೆ ಬರೆಯುತ್ತಲೇ ಇರಬಹುದು. 'ಇಜೆಕ್ಟ್' ಒತ್ತಿ, ತೆಗೆಯಬಹುದು ಅಂತ ಬರುವವರೆಗೆ ಕಾಯಿರಿ.

ಡ್ರೈವ್ ಓಪನ್ ಆಗುತ್ತೆ, ಫೈಲ್ ಕಾಣುತ್ತೆ, ಆದ್ರೆ ಸೇವ್ ಮಾಡೋಕೆ ಹೋದ್ರೆ 'ರೀಡ್ ಓನ್ಲಿ' ಅಂತಿದೆ. ನಿನ್ನೆ ಸರಿ ಇತ್ತಲ್ವಾ?

ನಿನ್ನೆ ಸರಿ ಇದ್ದು ಇವತ್ತು ಹೀಗಾಗಿದ್ದರೆ ನಡುವೆ ವಿಂಡೋಸ್ ಆನ್ ಮಾಡಿ ಆಫ್ ಮಾಡಿದ್ದೀರಿ ಅಂತ ಅರ್ಥ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

2012ರಲ್ಲಿ ಬಂದ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟ್‌ಅಪ್' ಅಂತ ಒಂದು ವ್ಯವಸ್ಥೆ ಇದೆ. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತೆರೆದ ಪ್ರೋಗ್ರಾಂಗಳನ್ನು ಮುಚ್ಚಿ, ತನ್ನ ಒಳಭಾಗವನ್ನು ಹಾಗೇ ಒಂದು ಫೈಲ್‌ಗೆ ಬರೆದು ಮಲಗುತ್ತದೆ. ಮಾರನೇ ದಿನ ಬೇಗ ಏಳಲಿ ಅಂತ ಈ ಉಪಾಯ. ಆ ನೆನಪಿನಲ್ಲಿ ಡ್ರೈವ್‌ಗಳ ಸ್ಥಿತಿಯೂ ಸೇರಿರುತ್ತದೆ. ಈ ನಡುವೆ ಲಿನಕ್ಸ್ ಬಂದು ಅದೇ ಡ್ರೈವ್‌ನಲ್ಲಿ ಬರೆದುಬಿಟ್ಟರೆ, ಎದ್ದ ವಿಂಡೋಸ್‌ಗೆ ಅದು ಗೊತ್ತಿರುವುದಿಲ್ಲ. ತನ್ನ ಹಳೆ ನೆನಪಿನ ಪ್ರಕಾರ ಮೇಲೆ ಬರೆಯುತ್ತದೆ, ಫೈಲ್‌ಗಳು ಹಾಳಾಗುತ್ತವೆ. ಇದು ಗೊತ್ತಿರುವುದರಿಂದಲೇ ಲಿನಕ್ಸ್ 'ಓದುತ್ತೇನೆ, ಬರೆಯುವುದಿಲ್ಲ' ಅನ್ನುತ್ತದೆ. ಅದು ನಿಮ್ಮ ಫೈಲ್ ಕಾಯುತ್ತಿದೆ. ಒತ್ತಾಯದಿಂದ ಬರೆಸುವ ಕಮಾಂಡ್‌ಗಳು ಅಲ್ಲಿ ಇಲ್ಲಿ ಸಿಗುತ್ತವೆ, ದಯವಿಟ್ಟು ಬಳಸಬೇಡಿ.

ಸರಿ ಮಾಡುವುದು ಹೀಗೆ. ವಿಂಡೋಸ್‌ಗೆ ಹೋಗಿ. ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಪವರ್ ಆಪ್ಷನ್ಸ್, ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಅಲ್ಲಿ ಕೆಳಗಿನ ಆಯ್ಕೆಗಳು ಮಂಕಾಗಿರುತ್ತವೆ. ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಸಾಲನ್ನು ಒತ್ತಿದರೆ ಅವು ಜೀವ ಪಡೆಯುತ್ತವೆ. 'ಟರ್ನ್ ಆನ್ ಫಾಸ್ಟ್ ಸ್ಟಾರ್ಟ್‌ಅಪ್' ಮುಂದಿನ ಗುರುತು ತೆಗೆದು ಸೇವ್ ಮಾಡಿ, ಶಟ್‌ಡೌನ್ ಮಾಡಿ. ಮುಗಿಯಿತು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಆ ಗುರುತು ಮತ್ತೆ ಬಂದಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ.

ತುರ್ತಿದ್ದರೆ ಇನ್ನೊಂದು ದಾರಿ: ವಿಂಡೋಸ್‌ನಿಂದ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಲಿನಕ್ಸ್‌ಗೆ ಬನ್ನಿ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುತ್ತದೆ.

ಫಾಸ್ಟ್ ಸ್ಟಾರ್ಟ್‌ಅಪ್ ತೆಗೆದ ಮೇಲೂ ಇದೇ ಸಮಸ್ಯೆ ಇದ್ದರೆ ಡ್ರೈವ್‌ನಲ್ಲೇ ದೋಷ ಇರಬಹುದು. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, 'ಚೆಕ್'. ವಿಂಡೋಸ್ ಡ್ರೈವ್‌ಗಳ ರಿಪೇರಿಯನ್ನು ವಿಂಡೋಸ್‌ನಿಂದಲೇ ಮಾಡಿಸುವುದು ಒಳ್ಳೆಯದು.

ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತೆ. ಯಾಕೆ?

ಮದರ್‌ಬೋರ್ಡ್ ಮೇಲಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನು ಭಾರತದ ಸಮಯ ಅಂದುಕೊಂಡು ಓದುತ್ತದೆ. ವ್ಯತ್ಯಾಸ 5 ಗಂಟೆ 30 ನಿಮಿಷ. ಇದನ್ನು ಹಾಗೇ ಬಿಟ್ಟರೆ ಫೈಲ್‌ಗಳ ಮೇಲೆ ತಪ್ಪು ಸಮಯ ಬೀಳುತ್ತದೆ. ಬ್ಯಾಕಪ್ ತೆಗೆಯುವ ಪ್ರೋಗ್ರಾಂಗಳು 'ಯಾವುದು ಹೊಸದು' ಅಂತ ನೋಡುವುದು ಆ ಸಮಯವನ್ನೇ ಅಲ್ವಾ? ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ 'ಸೆಟ್-ಲೋಕಲ್-ಆರ್‌ಟಿಸಿ 1' ಅಂತ (timedatectl set-local-rtc 1) ಒಮ್ಮೆ ಕೊಟ್ಟರೆ ಎರಡೂ ಒಪ್ಪಂದಕ್ಕೆ ಬರುತ್ತವೆ.

## ಒಂದೇ ಕಂಪ್ಯೂಟರ್‌ನಲ್ಲಿ ಎರಡೂ ಇದ್ದಾಗ

ಯಾವುದರಲ್ಲಿ ಕೂತರೂ ನನ್ನ ಡಾಕ್ಯುಮೆಂಟ್ಸ್ ಒಂದೇ ಕಾಣಬೇಕು. ಹೇಗೆ ಮಾಡೋದು?

ಫೈಲ್‌ಗಳಿಗೆ ಅಂತಲೇ ಡಿಸ್ಕ್‌ನಲ್ಲಿ ಒಂದು ಮೂರನೇ ಭಾಗ (ಪಾರ್ಟಿಷನ್) ಮಾಡಿ. ಒಂದರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ನಿಮ್ಮ ಕೆಲಸದ ಫೈಲ್‌ಗಳು ಮಾತ್ರ. ವಿಂಡೋಸ್ ಕೆಟ್ಟರೂ ಲಿನಕ್ಸ್ ಬದಲಾಯಿಸಿದರೂ ಫೈಲ್‌ಗಳು ತಮ್ಮ ಪಾಡಿಗೆ ಇರುತ್ತವೆ.

ಆ ಭಾಗವನ್ನು ವಿಂಡೋಸ್‌ನ ಸ್ವಂತ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲೇ ಇಡಿ ಅನ್ನುವುದು ನನ್ನ ಸಲಹೆ. ಎಕ್ಸ್‌ಫ್ಯಾಟ್ ಯಾಕೆ ಬೇಡ ಅಂತ ಕೇಳುತ್ತಾರೆ. ಎನ್‌ಟಿಎಫ್‌ಎಸ್ ಏನು ಬದಲಾಯಿಸಲು ಹೊರಟಿದೆ ಅನ್ನುವುದನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಬದಲಾಯಿಸುತ್ತದೆ. ನಡುವೆ ಕರೆಂಟು ಹೋದರೆ ಆ ದಿನಚರಿ ನೋಡಿ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಅಂಥ ದಿನಚರಿ ಇಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೇಗೆ ಬಂದು ಹೋಗುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಯುಪಿಎಸ್ ಬ್ಯಾಟರಿ ಹಳೆಯದಾಗಿರುವ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್‌ಫ್ಯಾಟ್ ಮೇಲೆ ವರ್ಷದ ಲೆಕ್ಕ ಇಡುವುದು ನನಗೆ ಒಪ್ಪಿಗೆಯಿಲ್ಲ.

ಎನ್‌ಟಿಎಫ್‌ಎಸ್ ಅನ್ನು ಲಿನಕ್ಸ್ ಈಗ ಚೆನ್ನಾಗಿ ನಿಭಾಯಿಸುತ್ತದೆ. ಎನ್‌ಟಿಎಫ್‌ಎಸ್-3ಜಿ ಎಂಬ ಹಳೆಯ, ನಂಬಿಕೆಯ ಚಾಲಕ (ಡ್ರೈವರ್) 2007ರಿಂದ ಇದೆ. 2021ರಲ್ಲಿ ಕರ್ನಲ್ 5.15ರ ಜೊತೆ ಎನ್‌ಟಿಎಫ್‌ಎಸ್3 ಎಂಬ ವೇಗದ ಚಾಲಕವೂ ಬಂತು.

ಭಾಗ ಮಾಡಿದ ಮೇಲೆ ಎರಡು ಕೆಲಸ ಉಳಿಯುತ್ತದೆ. ವಿಂಡೋಸ್‌ನಲ್ಲಿ 'ಡಾಕ್ಯುಮೆಂಟ್ಸ್' ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ 'ಲೊಕೇಶನ್' ಪುಟದಲ್ಲಿ ಹೊಸ ಜಾಗ ತೋರಿಸಿ. ಲಿನಕ್ಸ್‌ನಲ್ಲಿ 'ಡಿಸ್ಕ್ಸ್' ಪ್ರೋಗ್ರಾಂ ತೆರೆದು, ಆ ಭಾಗ ಕಂಪ್ಯೂಟರ್ ಆನ್ ಆದಾಗಲೇ ಸೇರಿಕೊಳ್ಳುವಂತೆ 'ಎಡಿಟ್ ಮೌಂಟ್ ಆಪ್ಷನ್ಸ್'ನಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ಪ್ರತಿ ಸಲ ನೀವೇ ಕ್ಲಿಕ್ ಮಾಡಿ ತೆರೆಯಬೇಕಾಗುತ್ತದೆ.

ಪ್ರೋಗ್ರಾಂ ಬರೆಯುವ ಮಕ್ಕಳಿಗೆ ಒಂದು ಮಾತು. ಲಿನಕ್ಸ್ ಪ್ರಾಜೆಕ್ಟ್‌ಗಳನ್ನು ಈ ಭಾಗದಲ್ಲಿ ಇಡಬೇಡಿ. ಯಾವ ಫೈಲನ್ನು ಯಾರು ಓಡಿಸಬಹುದು ಅನ್ನುವ ಲಿನಕ್ಸ್ ಗುರುತುಗಳು ಇಲ್ಲಿ ಸರಿಯಾಗಿ ಉಳಿಯುವುದಿಲ್ಲ. ಕೋಡ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿರಲಿ, ರಿಪೋರ್ಟ್, ಪಿಡಿಎಫ್, ಫೋಟೋ ಇಲ್ಲಿರಲಿ.

ಡ್ರೈವ್ ಮೇಲೆ ಬೀಗದ ಚಿತ್ರ ಇದೆ. ಏನೋ 48 ಅಂಕಿ ಕೇಳ್ತಿದೆ. ನಾನು ಯಾವ ಪಾಸ್‌ವರ್ಡೂ ಹಾಕಿಲ್ಲ!

ನೀವು ಹಾಕಿಲ್ಲ, ವಿಂಡೋಸ್ ಹಾಕಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್‌ನಿಂದ ಬೀಗ ಹಾಕಿಸಿಕೊಳ್ಳುವುದು ಈಗ ಸಾಮಾನ್ಯ. ಲ್ಯಾಪ್‌ಟಾಪ್ ಕಳುವಾದರೆ ಇದು ನಿಮ್ಮನ್ನು ಕಾಪಾಡುತ್ತದೆ. ಲಿನಕ್ಸ್‌ನಿಂದ ತೆರೆಯಲು ಹೋದರೆ ಮಾತ್ರ ಕೀಲಿ ಕೇಳುತ್ತದೆ.

ಆ 48 ಅಂಕಿಯ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಫೋನ್‌ನಿಂದ ಆ ಖಾತೆಗೆ ಲಾಗಿನ್ ಆಗಿ ನೋಡಬಹುದು. ತೊಂದರೆ ಎಲ್ಲಿ ಅಂದರೆ, ಎಷ್ಟೋ ಸಲ ಆ ಖಾತೆ ತೆರೆದಿರುವುದು ಅಂಗಡಿಯ ಹುಡುಗ ಅಥವಾ ಊರಿಗೆ ಬಂದಿದ್ದ ಅಕ್ಕನ ಮಗ. ಯಾವ ಇಮೇಲ್ ಅಂತ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಲಿನಕ್ಸ್ ಹಾಕುವ ಮೊದಲು ಕೀಲಿಯನ್ನು ಹುಡುಕಿ, ಕಾಗದದ ಮೇಲೆ ಬರೆದು, ಪಹಣಿ, ಪಾಸ್‌ಬುಕ್ ಇಡುವ ಕಡೆ ಇಡಿ. ಕೀಲಿ ಇಲ್ಲದೆ ಆ ಡಿಸ್ಕ್ ತೆರೆಯುವ ಅಡ್ಡದಾರಿ ಇಲ್ಲ. ತೆರೆದುಕೊಡುತ್ತೇನೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ.

ಕೀಲಿ ಇದ್ದರೆ ಈಗಿನ ಲಿನಕ್ಸ್‌ನಲ್ಲಿ ಡ್ರೈವ್ ಮೇಲೆ ಕ್ಲಿಕ್ ಮಾಡಿ, ಅಡ್ಡಗೆರೆಗಳ ಸಮೇತ ಅಂಕಿಗಳನ್ನು ಕೊಟ್ಟರೆ ಸಾಕು.

ವಿಂಡೋಸ್‌ನಲ್ಲಿ ತೆರೆಯೋ ಫೈಲೇ ಲಿನಕ್ಸ್‌ನಲ್ಲಿ ತೆರೆಯಲ್ಲ. ಹೆಸರು ಕಾಣುತ್ತೆ, ಒಳಗೆ ಏನೂ ಇಲ್ಲ.

ಆ ಫೋಲ್ಡರ್ ಒನ್‌ಡ್ರೈವ್‌ನಲ್ಲಿದೆಯೇ ನೋಡಿ. ಜಾಗ ಉಳಿಸಲು ಒನ್‌ಡ್ರೈವ್ ಎಷ್ಟೋ ಫೈಲ್‌ಗಳ ಹೆಸರನ್ನು ಮಾತ್ರ ನಿಮ್ಮ ಡಿಸ್ಕ್‌ನಲ್ಲಿ ಇಟ್ಟಿರುತ್ತದೆ, ನಿಜವಾದ ಫೈಲ್ ಇಂಟರ್ನೆಟ್‌ನಲ್ಲಿರುತ್ತದೆ. ಲಿನಕ್ಸ್ ಬಂದಾಗ ಬರೀ ಹೆಸರು ಸಿಗುತ್ತದೆ. ವಿಂಡೋಸ್‌ಗೆ ಹೋಗಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಡಿ, ಡೌನ್‌ಲೋಡ್ ಮುಗಿಯಲಿ. ಆ ಮೇಲೂ ಒನ್‌ಡ್ರೈವ್ ಫೋಲ್ಡರ್‌ನೊಳಗಿಂದ ತೆರೆಯುವ ಬದಲು, ಬೇಕಾದ ಫೈಲನ್ನು ನಿಮ್ಮ ಮೂರನೇ ಭಾಗಕ್ಕೆ ಕಾಪಿ ಮಾಡಿಕೊಂಡರೆ ತಂಟೆ ಇಲ್ಲ.

ಲಿನಕ್ಸ್‌ನಲ್ಲಿ ಇಟ್ಟ ಹೆಸರು ವಿಂಡೋಸ್ ಒಪ್ಪಲ್ಲ ಅಂತಾರೆ, ನಿಜಾನಾ?

ನಿಜ. ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ನಿಂತ ಗೆರೆ ಇಂಥವು ವಿಂಡೋಸ್ ಹೆಸರುಗಳಲ್ಲಿ ಬರುವಂತಿಲ್ಲ. ಲಿನಕ್ಸ್ ಒಪ್ಪುತ್ತದೆ. 'ಸಭೆ 10:30' ಅಂತ ಲಿನಕ್ಸ್‌ನಲ್ಲಿ ಇಟ್ಟ ಫೈಲ್ ವಿಂಡೋಸ್‌ನಲ್ಲಿ ತೊಂದರೆ ಕೊಡುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೆ ಲಿನಕ್ಸ್‌ಗೆ ಅವು ಎರಡು ಬೇರೆ ಫೈಲ್, ವಿಂಡೋಸ್‌ಗೆ ಒಂದೇ. ಕನ್ನಡ ಹೆಸರು ಧಾರಾಳವಾಗಿ ಇಡಿ.

## ಕನ್ನಡದ ಫೈಲ್‌ಗಳು

ನುಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಲಿನಕ್ಸ್‌ನಲ್ಲಿ ತೆರೆದರೆ ಬರೀ ಗೋಜಲು. ವೈರಸ್ಸಾ?

ವೈರಸ್ ಅಲ್ಲ. ಆ ಫೈಲ್ ಹಳೆಯ ನುಡಿ ಫಾಂಟ್‌ನಲ್ಲಿದೆ. ಆ ಕಾಲದ ಪದ್ಧತಿಯಲ್ಲಿ ಕಂಪ್ಯೂಟರ್‌ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ನುಡಿ ಫಾಂಟ್ ಅವುಗಳಿಗೆ ಕನ್ನಡದ ಆಕಾರ ಕೊಡುತ್ತದೆ. 'ಕನ್ನಡ' ಎಂದು ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು ಹೀಗೆ ಕೂತಿರುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಅದೇ ಬೆತ್ತಲಾಗಿ ಕಾಣುತ್ತದೆ.

ಎರಡು ದಾರಿ ಇವೆ. ಬರೀ ನೋಡಬೇಕು, ಪ್ರಿಂಟ್ ತೆಗೆಯಬೇಕು ಅಂದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಆ ನುಡಿ ಫಾಂಟ್ ಫೈಲ್‌ಗಳನ್ನು ಕಾಪಿ ಮಾಡಿ ಲಿನಕ್ಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿ. ವರ್ಡ್ ಥರದ ತಂತ್ರಾಂಶವಾದ ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಕನ್ನಡ ಕಾಣುತ್ತದೆ. ಆದರೆ ಆ ಫೈಲ್ ಮುಂದೆಯೂ ಬೇಕು, ತಿದ್ದಬೇಕು, ಹುಡುಕಬೇಕು ಅಂದರೆ ಕನ್ನಡವನ್ನು ಕನ್ನಡವಾಗಿಯೇ ಇಡುವ ಯೂನಿಕೋಡ್ ಪದ್ಧತಿಗೆ ಬದಲಾಯಿಸಿಕೊಳ್ಳಿ. ನುಡಿ ಮತ್ತು ಬರಹ ಎರಡೂ ತಂತ್ರಾಂಶಗಳ ಜೊತೆ ಪರಿವರ್ತಕ ಬರುತ್ತದೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪು ಉಳಿದರೆ ಅಲ್ಲೇ ಉಳಿಯುವುದು.

ಅಂಗಡಿಯಲ್ಲಿ ಹತ್ತು ಹದಿನೈದು ವರ್ಷದ ಹಳೆ ಫೈಲ್ ಇದ್ದರೆ ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಕೂರಬೇಡಿ. ಯಾವುದು ಕೆಲಸಕ್ಕೆ ಬರುತ್ತದೋ ಅದನ್ನು ಬಂದಾಗ ಬದಲಾಯಿಸಿ, ಮೂಲವನ್ನೂ ಇಟ್ಟುಕೊಳ್ಳಿ.

ಲಿನಕ್ಸ್‌ನಲ್ಲಿ ನುಡಿಯ ಹಾಗೇ ಟೈಪ್ ಮಾಡಬಹುದೇ ಅಂತಲೂ ಕೇಳುತ್ತಾರೆ. ಮಾಡಬಹುದು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ 'ಕಗಪ' ವಿನ್ಯಾಸ ಆರಿಸಿಕೊಳ್ಳಿ. ಬೆರಳಿಗೆ ಅಭ್ಯಾಸವಾದದ್ದೇ ಸಿಗುತ್ತದೆ.

ವರ್ಡ್‌ನಲ್ಲಿ ಒಂದು ಪುಟ ಇದ್ದದ್ದು ಲಿಬ್ರೆಆಫೀಸ್‌ನಲ್ಲಿ ಒಂದೂವರೆ ಪುಟ ಆಯ್ತು.

ಫಾಂಟ್ ವ್ಯತ್ಯಾಸ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಲಿನಕ್ಸ್‌ನಲ್ಲಿ ಇಲ್ಲದಾಗ ಅದರ ಜಾಗಕ್ಕೆ ಲೋಹಿತ್ ಅಥವಾ ನೋಟೋ ಬರುತ್ತದೆ. ಅಕ್ಷರದ ಅಗಲ, ಸಾಲಿನ ಎತ್ತರ ಬೇರೆ, ಪುಟ ಜಾರುತ್ತದೆ. ನೋಟೋ ಕನ್ನಡ ಫಾಂಟ್ ಉಚಿತ. ಅದನ್ನು ಎರಡೂ ಕಡೆ ಹಾಕಿಕೊಂಡು ಅದರಲ್ಲೇ ಬರೆಯಿರಿ. ಬೇರೆಯವರಿಗೆ ಕೊಡುವ ಪತ್ರವಾದರೆ ಪಿಡಿಎಫ್ ಮಾಡಿ ಕೊಡಿ.

## ಪ್ರೋಗ್ರಾಂಗಳು

ವಿಂಡೋಸ್ ಭಾಗದಲ್ಲಿ ಪ್ರೋಗ್ರಾಂ ಇದೆ. ಲಿನಕ್ಸ್‌ನಿಂದ ಅದನ್ನೇ ಡಬಲ್ ಕ್ಲಿಕ್ ಮಾಡಿದ್ರೆ ಓಡಲ್ವಾ?

ಹಾಗೇ ಓಡುವುದಿಲ್ಲ. ವಿಂಡೋಸ್ ಪ್ರೋಗ್ರಾಂ ಪ್ರತಿ ಹೆಜ್ಜೆಗೂ ವಿಂಡೋಸ್‌ನ ಸಹಾಯ ಕೇಳುತ್ತದೆ. ಲಿನಕ್ಸ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವವರು ಬೇಕು. ಆ ಕೆಲಸ ಮಾಡುವುದು ವೈನ್. 1993ರಲ್ಲಿ ಶುರುವಾದ ಯೋಜನೆ ಇದು, ಉಚಿತ. ಪ್ರೋಗ್ರಾಂ ಕೇಳಿದ ವಿಂಡೋಸ್ ಸೇವೆಗಳನ್ನು ಲಿನಕ್ಸ್ ಸೇವೆಗಳಿಂದ ಪೂರೈಸಿಕೊಡುತ್ತದೆ. ಇದರ ಮೇಲೆ ಕಟ್ಟಿದ ಪ್ರೋಟಾನ್ 2018ರಿಂದ ಇದೆ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಎಷ್ಟೋ ವಿಂಡೋಸ್ ಆಟಗಳು ಅದರಿಂದಲೇ ಲಿನಕ್ಸ್‌ನಲ್ಲಿ ಓಡುತ್ತವೆ.

ಆದರೂ ವಿಂಡೋಸ್ ಭಾಗದಲ್ಲಿ ಈಗಾಗಲೇ ಇನ್‌ಸ್ಟಾಲ್ ಆಗಿರುವುದನ್ನು ವೈನ್‌ನಿಂದ ತೆರೆದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಅದರ ಅರ್ಧ ವಿವರ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ. ಮೂಲ ಸೆಟಪ್ ಫೈಲ್‌ನಿಂದ ವೈನ್ ಒಳಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಚಿಕ್ಕ, ಹಳೆಯ ಪ್ರೋಗ್ರಾಂಗಳು ಚೆನ್ನಾಗಿ ಓಡುತ್ತವೆ. ಯುಎಸ್‌ಬಿ ಟೋಕನ್, ಡಾಂಗಲ್, ತನ್ನದೇ ಡ್ರೈವರ್ ಬೇಡುವಂಥವು ವೈನ್‌ನಲ್ಲಿ ಕಷ್ಟ. ಅವಕ್ಕೆ ಮುಂದಿನ ಉತ್ತರ ನೋಡಿ.

ಟ್ಯಾಲಿ, ಡಿಜಿಟಲ್ ಸಿಗ್ನೇಚರ್ ಎಲ್ಲ ವಿಂಡೋಸ್‌ನಲ್ಲೇ ಬೇಕು. ಅದಕ್ಕೋಸ್ಕರ ಪ್ರತಿ ಸಲ ರೀಸ್ಟಾರ್ಟ್ ಮಾಡ್ಬೇಕಾ?

ಬೇಡ. ಲಿನಕ್ಸ್ ಒಳಗೆ ಒಂದು ಕಿಟಕಿಯಲ್ಲಿ ಪೂರ್ತಿ ವಿಂಡೋಸ್ ಓಡಿಸಬಹುದು. ಇದಕ್ಕೆ ವರ್ಚುವಲ್ ಮೆಷಿನ್ ಅನ್ನುತ್ತಾರೆ. ವರ್ಚುವಲ್‌ಬಾಕ್ಸ್ ಹೊಸಬರಿಗೆ ಸುಲಭ. ಇದೇ ಕೆಲಸ ಮಾಡುವ ಕೆವಿಎಂ ಲಿನಕ್ಸ್ ಕರ್ನಲ್‌ನಲ್ಲೇ 2007ರಿಂದ ಇದೆ.

ಮೊದಲು ಯಂತ್ರ ನೋಡಿಕೊಳ್ಳಿ. 8 ಜಿಬಿ ರ‍್ಯಾಮ್ ಇದ್ದು ಅದರಲ್ಲಿ 4 ಜಿಬಿ ಒಳಗಿನ ವಿಂಡೋಸ್‌ಗೆ ಕೊಟ್ಟರೆ ಲೆಕ್ಕದ ಕೆಲಸ ಸಾಗುತ್ತದೆ. 4 ಜಿಬಿ ಮಾತ್ರ ಇದ್ದರೆ ಬೇಡ, ರೀಸ್ಟಾರ್ಟ್ ಮಾಡುವುದೇ ವಾಸಿ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು. ಒಳಗಿನ ವಿಂಡೋಸ್‌ಗೂ ಲೈಸನ್ಸ್ ಬೇಕು. ವಿಂಡೋಸ್ 11 ಹಾಕುವುದಾದರೆ ವರ್ಚುವಲ್‌ಬಾಕ್ಸ್ 7 ಅಥವಾ ಮುಂದಿನದು ಇರಲಿ, ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್‌ನ ಅನುಕರಣೆ ಅದರಲ್ಲಿದೆ.

ಸಿಗ್ನೇಚರ್ ಟೋಕನ್ ಚುಚ್ಚಿದಾಗ ಅದು ಹೊರಗಿನ ಲಿನಕ್ಸ್‌ಗೆ ಸೇರಿರುತ್ತದೆ. ವರ್ಚುವಲ್‌ಬಾಕ್ಸ್‌ನ 'ಡಿವೈಸಸ್' ಮೆನುವಿನಲ್ಲಿ ಯುಎಸ್‌ಬಿ ಆರಿಸಿ ಟೋಕನ್ ಮೇಲೆ ಗುರುತು ಹಾಕಿದರೆ ಒಳಗೆ ಹೋಗುತ್ತದೆ. ಆ ಪಟ್ಟಿ ಖಾಲಿ ಕಂಡರೆ ನಿಮ್ಮ ಲಿನಕ್ಸ್ ಬಳಕೆದಾರ 'ವಿಬಾಕ್ಸ್‌ಯೂಸರ್ಸ್' ಗುಂಪಿನಲ್ಲಿಲ್ಲ. ಸೇರಿಸಿ, ಲಾಗ್ ಔಟ್ ಆಗಿ ಬನ್ನಿ.

ಫೈಲ್ ಹಂಚಿಕೊಳ್ಳಲು ಒಳಗಿನ ವಿಂಡೋಸ್‌ನಲ್ಲಿ 'ಗೆಸ್ಟ್ ಅಡಿಷನ್ಸ್' ಹಾಕಿ, ಲಿನಕ್ಸ್‌ನ ಒಂದು ಫೋಲ್ಡರನ್ನು 'ಶೇರ್ಡ್ ಫೋಲ್ಡರ್' ಅಂತ ತೋರಿಸಿ. ಅದು ಒಳಗೆ ನೆಟ್‌ವರ್ಕ್ ಡ್ರೈವ್‌ನಂತೆ ಕಾಣುತ್ತದೆ. ಟ್ಯಾಲಿಯ ಡೇಟಾ ಫೋಲ್ಡರನ್ನು ಮಾತ್ರ ಅಲ್ಲಿ ಇಡಬೇಡಿ, ಒಳಗಿನ ಡಿಸ್ಕ್‌ನಲ್ಲೇ ಇರಲಿ. ಲೆಕ್ಕದ ಡೇಟಾ ಕ್ಷಣ ಕ್ಷಣಕ್ಕೂ ಬರೆಸಿಕೊಳ್ಳುತ್ತಿರುತ್ತದೆ, ಹಂಚಿದ ಫೋಲ್ಡರ್ ಅಷ್ಟು ಭದ್ರವಲ್ಲ. ದಿನದ ಕೊನೆಗೆ ಟ್ಯಾಲಿಯಿಂದಲೇ ಬ್ಯಾಕಪ್ ತೆಗೆದು ಆ ಬ್ಯಾಕಪ್ಪನ್ನು ಹಂಚಿದ ಫೋಲ್ಡರ್‌ಗೆ ಹಾಕಿ. ಕಾಫಿ ಕೊಯ್ಲಿನ ವಾರದ ಬಟವಾಡೆ ಲೆಕ್ಕ ಇಡುವವರು ಇದನ್ನು ತಪ್ಪಿಸಬೇಡಿ.

ನಂಗೆ ಉಲ್ಟಾ ಬೇಕು. ವಿಂಡೋಸ್ ಬಿಡಲ್ಲ, ಆದ್ರೆ ಕಾಲೇಜ್ ಲ್ಯಾಬ್‌ಗೆ ಲಿನಕ್ಸ್ ಬೇಕು.

ಹಾಗಾದರೆ ಡಿಸ್ಕ್ ಭಾಗ ಮಾಡುವುದೇ ಬೇಡ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ. ವಿಂಡೋಸ್ 10ಕ್ಕೆ 2016ರಲ್ಲಿ ಬಂತು. ಈಗಿರುವ ಎರಡನೇ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ ಓಡುತ್ತದೆ. ಒಳಗಿನ ಫೈಲ್‌ಗಳು ವಿಂಡೋಸ್ ಎಕ್ಸ್‌ಪ್ಲೋರರ್‌ನ ಎಡಪಟ್ಟಿಯಲ್ಲಿ 'ಲಿನಕ್ಸ್' ಹೆಸರಿನ ಕೆಳಗೆ ಸಿಗುತ್ತವೆ. ಒಳಗಿನಿಂದ ನೋಡಿದರೆ ನಿಮ್ಮ ಸಿ ಡ್ರೈವ್ 'ಎಂಎನ್‌ಟಿ' ಫೋಲ್ಡರ್‌ನಲ್ಲಿ ಇರುತ್ತದೆ.

'ಪ್ರಾಜೆಕ್ಟ್ ಕಂಪೈಲ್ ತುಂಬಾ ನಿಧಾನ' ಅನ್ನುವ ದೂರು ಬರುತ್ತಲೇ ಇರುತ್ತದೆ. ಕೋಡ್ ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್‌ನಿಂದ ಓಡಿಸಿದರೆ ಪ್ರತಿ ಫೈಲೂ ಗಡಿ ದಾಟಿ ಬರಬೇಕು. ಕೋಡನ್ನು ಲಿನಕ್ಸ್ ಒಳಗಿನ ಹೋಮ್‌ಗೆ ಒಯ್ದುಬಿಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

## ಬೇರೆ ಬೇರೆ ಯಂತ್ರಗಳ ನಡುವೆ

ಆಫೀಸಲ್ಲಿ ಒಂದು ವಿಂಡೋಸ್, ಒಂದು ಲಿನಕ್ಸ್. ಪೆನ್‌ಡ್ರೈವ್ ಹಿಡ್ಕೊಂಡು ಓಡಾಡಿ ಸಾಕಾಯ್ತು.

ಎರಡೂ ಒಂದೇ ರೌಟರ್‌ಗೆ ಸೇರಿದ್ದರೆ ಸಾಂಬಾ ಹಾಕಿ. ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ 1992ರಲ್ಲಿ ಶುರು ಮಾಡಿದ ಇದು, ವಿಂಡೋಸ್‌ನ ಫೈಲ್ ಹಂಚಿಕೆಯ ಭಾಷೆಯನ್ನು ಲಿನಕ್ಸ್‌ಗೆ ಕಲಿಸಿತು. ಲಿನಕ್ಸ್‌ನಲ್ಲಿ ಒಂದು ಫೋಲ್ಡರ್ ಹಂಚಿ, ಸಾಂಬಾಗೆ ಅಂತಲೇ ಬೇರೆ ಪಾಸ್‌ವರ್ಡ್ ಇಡಿ. ಲಾಗಿನ್ ಪಾಸ್‌ವರ್ಡ್ ತಾನಾಗಿ ನಡೆಯುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ. ವಿಂಡೋಸ್ ಎಕ್ಸ್‌ಪ್ಲೋರರ್‌ನ ವಿಳಾಸದ ಜಾಗದಲ್ಲಿ ಎರಡು ಹಿಂಗೆರೆ (\\) ಹಾಕಿ ಲಿನಕ್ಸ್ ಯಂತ್ರದ ಐಪಿ ಬರೆದರೆ ತೆರೆಯುತ್ತದೆ.

ಹಳೆ ನೆಟ್‌ವರ್ಕ್ ಡಿಸ್ಕ್ ಅಥವಾ ಹಳೆ ಸ್ಕ್ಯಾನರ್‌ಗೋಸ್ಕರ ಆ ಹಂಚಿಕೆ ಭಾಷೆಯ ಹಳೆ ಆವೃತ್ತಿಯಾದ 'ಎಸ್‌ಎಂಬಿ 1' ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಹಬ್ಬಿದ್ದು ಅದರ ದೋಷದಿಂದಲೇ.

ಬೆಂಗಳೂರಿಂದ ಬಂದ ಮಗಳ ಮ್ಯಾಕ್‌ನಲ್ಲಿ ನಮ್ಮ ಹಾರ್ಡ್‌ಡಿಸ್ಕ್ ಓದುತ್ತೆ, ಕಾಪಿ ಹಾಕೋಕೆ ಬಿಡಲ್ಲ.

ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಡಿಸ್ಕನ್ನು ವಿಂಡೋಸ್ ಓದುವುದೂ ಇಲ್ಲ. ಇಬ್ಬರ ನಡುವೆ ಓಡಾಡುವ ಡಿಸ್ಕ್ ಎಕ್ಸ್‌ಫ್ಯಾಟ್ ಇರಲಿ. ಈಗಿರುವುದನ್ನು ಬದಲಾಯಿಸುವ ಮುಂಚೆ ಒಳಗಿನದ್ದೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಫೋನ್‌ನ ಫೋಟೋ ಲಿನಕ್ಸ್‌ಗೆ?

ಕೇಬಲ್ ಹಾಕಿ ಫೋನ್‌ನಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಕೇಬಲ್ ಬೇಡ ಅಂದರೆ ಕೆಡಿಇ ಕನೆಕ್ಟ್ ಅಥವಾ ಲೋಕಲ್‌ಸೆಂಡ್ ಆ್ಯಪನ್ನು ಎರಡೂ ಕಡೆ ಹಾಕಿಕೊಳ್ಳಿ. ಎರಡೂ ಮನೆಯ ವೈಫೈ ಮೇಲೇ ನಡೆಯುತ್ತವೆ, ಇಂಟರ್ನೆಟ್ ಬೇಕಿಲ್ಲ. ಸಿಗ್ನಲ್ ಸಿಗದ ತೋಟದ ಮನೆಗಳಲ್ಲಿ ಇದು ದೊಡ್ಡ ಅನುಕೂಲ.

## ಅನುಭವ ಇದ್ದವರಿಗೆ

ವಿಂಡೋಸ್ ಏಳ್ತಾನೇ ಇಲ್ಲ. ಒಳಗಿನ ಫೋಟೋ, ಲೆಕ್ಕ ಸಿಕ್ಕರೆ ಸಾಕು.

ಇನ್ನೊಂದು ಕಂಪ್ಯೂಟರ್‌ನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಕೆಟ್ಟ ಯಂತ್ರವನ್ನು ಅದರಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ. ಹಾಗೇ ಪೆನ್‌ಡ್ರೈವ್‌ನಿಂದಲೇ ಓಡಲಿ. ವಿಂಡೋಸ್ ಡ್ರೈವ್ ತೆರೆದು 'ಯೂಸರ್ಸ್' ಫೋಲ್ಡರ್‌ನಲ್ಲಿ ನಿಮ್ಮ ಹೆಸರು ಹುಡುಕಿ, ಬೇಕಾದ್ದನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ರೀಡ್ ಓನ್ಲಿ ಅಂತ ಬಂದರೂ ಚಿಂತೆ ಇಲ್ಲ, ಇಲ್ಲಿ ಬೇಕಿರುವುದು ಓದುವುದು ಮಾತ್ರ.

ಆದರೆ ಹಾರ್ಡ್‌ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ, ಕಾಪಿ ಅರ್ಧಕ್ಕೆ ನಿಂತು ನಿಂತು ಹೋಗುತ್ತಿದ್ದರೆ ಕೈ ಬಿಡಿ. ಸಾಯುತ್ತಿರುವ ಡಿಸ್ಕ್‌ನಿಂದ ಒಂದೊಂದೇ ಫೋಲ್ಡರ್ ಎಳೆಯುತ್ತಾ ಕೂತರೆ ಉಳಿದಿದ್ದೂ ಹೋಗುತ್ತದೆ. ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕ್‌ನ ಪ್ರತಿಯನ್ನು ಇನ್ನೊಂದು ದೊಡ್ಡ ಡಿಸ್ಕ್‌ಗೆ ತೆಗೆಯಿರಿ. ಅದು ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನು ಮೊದಲು ತೆಗೆದು, ಕೆಟ್ಟ ಭಾಗಕ್ಕೆ ಆಮೇಲೆ ಬರುತ್ತದೆ. ಹುಡುಕಾಟವೆಲ್ಲ ಆ ಪ್ರತಿಯ ಮೇಲೆ ಮಾಡಿ.

ಇಎಕ್ಸ್‌ಟಿ4 ಡಿಸ್ಕನ್ನು ವಿಂಡೋಸ್‌ನಿಂದಲೇ ತೆರೆಯಲೇಬೇಕು. ದಾರಿ ಇದೆಯಾ?

ಅದು ಬೇರೆ ಡಿಸ್ಕ್ ಆಗಿದ್ದರೆ ಇದೆ. ಡಬ್ಲ್ಯುಎಸ್‌ಎಲ್‌ನ ಮೌಂಟ್ ಸೌಲಭ್ಯದಿಂದ ಆ ಡಿಸ್ಕನ್ನು ಲಿನಕ್ಸ್‌ಗೆ ಒಪ್ಪಿಸಿ, ಎಕ್ಸ್‌ಪ್ಲೋರರ್‌ನಿಂದ ಓದಿ ಬರೆಯಬಹುದು. ಆದರೆ ಅದು ಇಡೀ ಡಿಸ್ಕನ್ನೇ ಕೇಳುತ್ತದೆ. ವಿಂಡೋಸ್ ಇರುವ ಡಿಸ್ಕ್‌ನಲ್ಲೇ ಲಿನಕ್ಸ್ ಭಾಗವೂ ಇದ್ದರೆ ನಡೆಯುವುದಿಲ್ಲ. ಪೆನ್‌ಡ್ರೈವ್‌ಗಳಿಗೂ ನಡೆಯುವುದಿಲ್ಲ. ಆಗ ಓದಲು ಮಾತ್ರ ಬರುವ 'ಲಿನಕ್ಸ್ ರೀಡರ್' ಥರದ ತಂತ್ರಾಂಶ ಸಾಕು. ಬರೆಯಲೂ ಬಿಡುವ ಹಳೆಯ ಚಾಲಕಗಳ ಸಹವಾಸ ಬೇಡ. ಲಿನಕ್ಸ್‌ಗೇ ಬೂಟ್ ಆಗಿ ಫೈಲನ್ನು ಮೂರನೇ ಭಾಗಕ್ಕೆ ದಾಟಿಸಿ ಬರುವುದು ಐದು ನಿಮಿಷದ ಕೆಲಸ.

ಪಕ್ಕದ ಭಾಗದಲ್ಲಿರುವ ವಿಂಡೋಸನ್ನೇ ವರ್ಚುವಲ್ ಮೆಷಿನ್‌ನಲ್ಲಿ ಎಬ್ಬಿಸಬಹುದಾ? ಇನ್ನೊಂದು ಸಲ ಇನ್‌ಸ್ಟಾಲ್ ಯಾಕೆ?

ತಾಂತ್ರಿಕವಾಗಿ ಸಾಧ್ಯ. ನಾನು ಮಾಡಿಕೊಡುವುದಿಲ್ಲ. ಒಂದೇ ವಿಂಡೋಸ್ ಒಮ್ಮೆ ನಿಜವಾದ ಯಂತ್ರ, ಒಮ್ಮೆ ಬೇರೆ ಯಂತ್ರ ಕಂಡರೆ ಆ್ಯಕ್ಟಿವೇಶನ್ ಕೈಕೊಡಬಹುದು, ಡ್ರೈವರ್‌ಗಳು ಗೊಂದಲಕ್ಕೆ ಬೀಳುತ್ತವೆ. ಅದಕ್ಕಿಂತ ದೊಡ್ಡ ಅಪಾಯ, ಒಳಗೆ ವಿಂಡೋಸ್ ಓಡುತ್ತಿರುವಾಗ ಹೊರಗಿನ ಲಿನಕ್ಸ್‌ನಲ್ಲೂ ಅದೇ ಭಾಗವನ್ನು ಯಾರೋ ಕ್ಲಿಕ್ ಮಾಡಿ ತೆರೆದರೆ ಇಬ್ಬರೂ ಒಟ್ಟಿಗೆ ಬರೆದು ಇಡೀ ಭಾಗ ಹಾಳಾಗುತ್ತದೆ. ವಿಂಡೋಸ್ 11 ಆದರೆ ಕನಿಷ್ಠ 64 ಜಿಬಿ ಜಾಗ ಕೊಟ್ಟು ಬೇರೆ ವಿಂಡೋಸ್ ಹಾಕಿಕೊಳ್ಳಿ.

ಹಳೆ ಲಿನಕ್ಸ್‌ನ ಡಿಸ್ಕನ್ನು ಹೊಸ ಲಿನಕ್ಸ್‌ಗೆ ಹಾಕಿದೆ. ಎರಡೂ ಲಿನಕ್ಸೇ ಅಲ್ವಾ, ಆದ್ರೂ 'ಪರ್ಮಿಷನ್ ಡಿನೈಡ್' ಅಂತಿದೆ!

ಇಎಕ್ಸ್‌ಟಿ4 ಫೈಲ್‌ನ ಯಜಮಾನನ ಹೆಸರನ್ನು ಬರೆದಿಡುವುದಿಲ್ಲ, ಒಂದು ಸಂಖ್ಯೆಯನ್ನು ಬರೆದಿಡುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000, ಎರಡನೆಯವರದ್ದು 1001. ಹಳೆ ಯಂತ್ರದಲ್ಲಿ ನೀವು ಎರಡನೆಯವರಾಗಿದ್ದು ಹೊಸದರಲ್ಲಿ ಮೊದಲನೆಯವರಾದರೆ, ಹೆಸರು ಒಂದೇ ಇದ್ದರೂ ಲಿನಕ್ಸ್‌ಗೆ ನೀವು ಬೇರೆಯವರು. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ 'ಪರ್ಮಿಷನ್ಸ್' ನೋಡಿದರೆ ಯಜಮಾನನ ಜಾಗದಲ್ಲಿ ಹೆಸರಿನ ಬದಲು ಬರೀ ಸಂಖ್ಯೆ ಕಾಣುತ್ತದೆ.

ಚೌನ್ (chown) ಕಮಾಂಡ್‌ನಿಂದ ನಿಮ್ಮ ಹಳೆ ಹೋಮ್ ಫೋಲ್ಡರ್‌ನ ಯಜಮಾನಿಕೆಯನ್ನು ಹೊಸ ಹೆಸರಿಗೆ ಬದಲಾಯಿಸಿ. ಆ ಒಂದು ಫೋಲ್ಡರ್‌ಗೆ ಮಾತ್ರ. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಎಂಬ ಸಂಖ್ಯೆಯನ್ನು ಹಾಕಿಬಿಡಿ ಅಂತ ಸಲಹೆ ಕೊಡುವವರು ಬಹಳ. ಹಾಗೆ ಮಾಡಿದರೆ ಎಸ್‌ಎಸ್‌ಎಚ್ ಕೀಲಿಯಂಥ ಗುಟ್ಟಿನ ಫೈಲ್‌ಗಳನ್ನು ಆಮೇಲೆ ಲಿನಕ್ಸೇ ಬಳಸಲು ಒಪ್ಪುವುದಿಲ್ಲ. ಹಳೆ ಲಿನಕ್ಸನ್ನು ಮುಂದೆಯೂ ಬೂಟ್ ಮಾಡುವ ಆಸೆ ಇದ್ದರೆ ಯಜಮಾನಿಕೆಯನ್ನೂ ಮುಟ್ಟಬೇಡಿ. ಎಲ್ಲ ಅಧಿಕಾರವಿರುವ ಬಳಕೆದಾರನಾದ ರೂಟ್ ಆಗಿ ಬೇಕಾದ್ದನ್ನು ಹೊಸ ಹೋಮ್‌ಗೆ ಕಾಪಿ ಮಾಡಿ, ಆ ಕಾಪಿಗೆ ಮಾತ್ರ ಚೌನ್ ಕೊಡಿ.